ಟರ್ಬೊ ಕಾರಿನ ಎಣ್ಣೆ: ಎಷ್ಟು ಕಿಲೋಮೀಟರಿಗೊಮ್ಮೆ?



ನಿಮ್ಮ ಮನೆಗೆ ಈಚೆಗೆ ಹೊಸ ಕಾರು ಬಂದಿದ್ದರೆ ಅದರ ಎಂಜಿನ್ನಿಗೆ ಟರ್ಬೊ ಜೋಡಿಸಿರುವ ಸಾಧ್ಯತೆ ಸಾಕಷ್ಟಿದೆ. ಒಂದು ಕಾಲಕ್ಕೆ ನಮ್ಮಲ್ಲಿ ಹೆಚ್ಚಾಗಿ ಲಾರಿ, ಬಸ್ಸು, ಡೀಸೆಲ್ ಜೀಪುಗಳಲ್ಲಿ ಕಾಣುತ್ತಿದ್ದ ಈ ಸಾಧನ ಈಗ ಒಂದು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ನಿಗೂ ಬಂದಿದೆ. ಅದರ ಜೊತೆಗೇ ಒಂದು ಚರ್ಚೆಯೂ ಮನೆಗೆ ಬರುತ್ತದೆ. ಕಂಪನಿಯ ಕೈಪಿಡಿ 10,000 ಕಿಲೋಮೀಟರಿಗೊಮ್ಮೆ, ಕೆಲವು ಕಾರುಗಳಲ್ಲಿ 15,000ಕ್ಕೊಮ್ಮೆ ಎಂಜಿನ್ ಎಣ್ಣೆ ಬದಲಿಸಿ ಎನ್ನುತ್ತದೆ. ಬೀದಿಯ ಕೊನೆಯ ಗ್ಯಾರೇಜಿನ ಮೆಕ್ಯಾನಿಕ್ಕು ಮಾತ್ರ "ಟರ್ಬೊ ಗಾಡಿ ಸಾರ್, ಐದು ಸಾವಿರಕ್ಕೇ ಮಾಡಿಸಿಬಿಡಿ" ಎನ್ನುತ್ತಾನೆ. ಅವನಿಗೆ ಎಣ್ಣೆ ಮಾರುವ ಆಸೆ ಎಂದು ಅಪ್ಪ. ಕಂಪನಿಗೆ ಖರ್ಚು ಕಡಿಮೆ ಎಂದು ತೋರಿಸಿಕೊಳ್ಳುವ ಆಸೆ ಎಂದು ಚಿಕ್ಕಪ್ಪ. ಇವರಲ್ಲಿ ಯಾರು ಸರಿ?

ಇಬ್ಬರೂ ಸರಿಯಾಗಿರಬಹುದು. ಏಕೆಂದರೆ ಎಣ್ಣೆ ಹಾಳಾಗುವುದು ಕಿಲೋಮೀಟರಿನಿಂದಲ್ಲ. ಅದು ಎಷ್ಟು ಕಾಯಿತು, ಎಷ್ಟು ಹೊತ್ತು ಕಾಯಿತು, ಅದರೊಳಗೆ ಏನೇನು ಬೆರೆಯಿತು ಎಂಬುದರಿಂದ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಎಂಜಿನ್ನಿನಲ್ಲಿ ಇಂಧನ ಉರಿದಾಗ ಹೊರಬೀಳುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಹೊಗೆಕೊಳವೆಯ ಮೂಲಕ ವ್ಯರ್ಥವಾಗಿ ಹೋಗುತ್ತದೆ. ಈ ಬಿಸಿ ಅನಿಲದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ ಹೇಗೆ? ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಸಬಹುದು. ಚಿಕ್ಕ ಎಂಜಿನ್ನಿನಿಂದ ದೊಡ್ಡ ಎಂಜಿನ್ನಿನ ಕೆಲಸ ತೆಗೆಯಬಹುದು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ಉಪಾಯಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಹಡಗು, ರೈಲು, ವಿಮಾನಗಳಲ್ಲಿ ಬಳಕೆಯಾದ ಬಹುಕಾಲದ ಮೇಲೆ, 1962ರಲ್ಲಿ, ಅಮೆರಿಕದ ಎರಡು ಕಾರುಗಳಿಗೆ ಅದು ಬಂತು. ಅವುಗಳಲ್ಲಿ ಒಂದಾದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ಪೆಟ್ರೋಲಿನ ಜೊತೆಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನೂ ತುಂಬಬೇಕಿತ್ತು. ಅದನ್ನು ತುಂಬಲು ಅನೇಕ ಮಾಲೀಕರು ಮರೆತರು. ಕಾರು ಹೆಚ್ಚು ಕಾಲ ಬಾಳಲಿಲ್ಲ. ಯಂತ್ರ ಎಷ್ಟೇ ಜಾಣತನದ್ದಾಗಿರಲಿ, ಅದಕ್ಕೆ ಬೇಕಾದ ದ್ರವವನ್ನು ಹೊತ್ತಿಗೆ ಸರಿಯಾಗಿ ಕೊಡುವವನು ಮನುಷ್ಯನೇ ತಾನೆ!

ಈಗ ಆ ದಂಡದ ಕಡೆ ಗಮನ ಕೊಡಿ. ಚಿಕ್ಕ ಕಾರಿನ ಟರ್ಬೊ ಚಕ್ರ ನಿಮ್ಮ ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಅದು ಜೋರಾಗಿ ಕೆಲಸ ಮಾಡುವಾಗ ನಿಮಿಷಕ್ಕೆ 1,80,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಇದೇನೂ ಅತಿಶಯವಲ್ಲ, ಇದಕ್ಕಿಂತ ವೇಗವಾಗಿ ತಿರುಗುವವೂ ಇವೆ. ಸೆಕೆಂಡಿಗೆ 3,000 ಸುತ್ತು. ಚಕ್ರದ ವ್ಯಾಸ 4 ಸೆಂಟಿಮೀಟರಾದರೆ ಅದರ ಅಂಚು ಸೆಕೆಂಡಿಗೆ ಎಷ್ಟು ದೂರ ಚಲಿಸುತ್ತದೆ? ಪರಿಧಿಯನ್ನು 3,000ದಿಂದ ಗುಣಿಸಿ ನೋಡಿ. ಸುಮಾರು 377 ಮೀಟರು! ನಾವು ಉಸಿರಾಡುವ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರು.

ಇಂಥ ವೇಗದಲ್ಲಿ ಲೋಹಕ್ಕೆ ಲೋಹ ತಗುಲಿದರೆ ಕ್ಷಣಮಾತ್ರದಲ್ಲಿ ಕಥೆ ಮುಗಿದಂತೆ. ಅದಕ್ಕೆಂದೇ ಬಹುಪಾಲು ಟರ್ಬೊಗಳಲ್ಲಿ ದಂಡ ಎಣ್ಣೆಯ ತೆಳುಪದರದ ಮೇಲೆ ತೇಲುತ್ತದೆ. ದಂಡದ ಸುತ್ತ ಒಂದು ಬುಷ್, ಬುಷ್ಷಿನ ಒಳಗೂ ಹೊರಗೂ ಎಣ್ಣೆ. ಆ ಪದರದ ದಪ್ಪ ತಲೆಗೂದಲಿಗಿಂತ ಕಡಿಮೆ. ದಂಡದ ಒಂದು ತುದಿಯಲ್ಲಿ ಹೊರಗಿನ ಗಾಳಿ. ಕೆಲವೇ ಸೆಂಟಿಮೀಟರು ಆಚೆ ಇನ್ನೊಂದು ತುದಿಯಲ್ಲಿ ಪೆಟ್ರೋಲ್ ಎಂಜಿನ್ನಿನಿಂದ ಬರುವ, 900 ಡಿಗ್ರಿ ಸೆಲ್ಸಿಯಸ್ ಮೀರಬಹುದಾದ ಅನಿಲ. ಡೀಸೆಲ್ಲಿನಲ್ಲಿ ಇದು ಕೊಂಚ ಕಡಿಮೆ. ಎಣ್ಣೆಗೆ ಇಲ್ಲಿ ಎರಡು ಕೆಲಸ: ದಂಡವನ್ನು ತೇಲಿಸುವುದು, ಶಾಖವನ್ನು ಹೊತ್ತೊಯ್ಯುವುದು. ಕೀಲೆಣ್ಣೆ ಎಂಬ ಒಳ್ಳೆಯ ಕನ್ನಡ ಪದವಿದೆ. ಆದರೆ ಟರ್ಬೊದಲ್ಲಿ ಅದು ಬರಿಯ ಕೀಲಿನ ಎಣ್ಣೆಯಲ್ಲ, ಬಿಸಿ ಹೊರುವ ಕೂಲಿಯಾಳು ಕೂಡ.

ರಸಾಯನಶಾಸ್ತ್ರದ ತರಗತಿಯಲ್ಲಿ ನೀವು ಒಂದು ಸ್ಥೂಲ ನಿಯಮ ಕೇಳಿರಬಹುದು: ಉಷ್ಣತೆ 10 ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಇಮ್ಮಡಿಯಾಗುತ್ತದೆ. ಎಣ್ಣೆ ಆಮ್ಲಜನಕದೊಡನೆ ಸೇರಿ ಕೆಡುವ ಕ್ರಿಯೆಯೂ ಹೆಚ್ಚುಕಡಿಮೆ ಹೀಗೆಯೇ. ಹಾಗೆ ಕೆಟ್ಟ ಎಣ್ಣೆ ಮಂದವಾಗುತ್ತದೆ, ಆಮ್ಲಗಳು ಹುಟ್ಟುತ್ತವೆ, ಅಂಟು ಕೂರುತ್ತದೆ. ಇದನ್ನು ತಡೆಯಲೆಂದು ಕಾರ್ಖಾನೆಯಲ್ಲಿ ಬೆರೆಸಿದ ರಾಸಾಯನಿಕಗಳು ಒಂದೊಂದಾಗಿ ಖರ್ಚಾಗುತ್ತ ಬರುತ್ತವೆ. ಎಣ್ಣೆ ಬದಲಿಸುವುದೆಂದರೆ ಮುಖ್ಯವಾಗಿ ಈ ರಾಸಾಯನಿಕಗಳನ್ನು ಹೊಸದಾಗಿ ತುಂಬುವುದು ಎಂದೇ ತಿಳಿಯಿರಿ.

ಇನ್ನೂ ಕೆಟ್ಟದ್ದು ಎಂಜಿನ್ ನಿಂತಾಗ ಆಗುತ್ತದೆ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ಕಡೆಗೆ ಬರುತ್ತಿರುವ ಒಂದು ಕಾರನ್ನು ಊಹಿಸಿಕೊಳ್ಳಿ. ತುಂಬಿದ ಕಾರು, ಉದ್ದಕ್ಕೂ ಏರು, ಟರ್ಬೊ ಕಾದು ಕೆಂಡವಾಗಿದೆ. ಹೋಟೆಲು ಕಂಡಿತು, ಗಾಡಿ ನಿಂತಿತು, ಕೀಲಿ ತಿರುಗಿಸಿ ಎಲ್ಲರೂ ಕಾಫಿಗೆ ಇಳಿದರು. ಎಂಜಿನ್ ನಿಂತಕೂಡಲೇ ಎಣ್ಣೆಯ ಪಂಪೂ ನಿಂತಿತು. ಬಿಸಿ ಚಕ್ರದ ಶಾಖ ದಂಡದ ಮೂಲಕ ಬೇರಿಂಗಿಗೆ ಹರಿಯುತ್ತದೆ. ಅಲ್ಲಿ ಉಳಿದ ಒಂದಿಷ್ಟು ಎಣ್ಣೆ, ತವದ ಮೇಲೆ ಉಳಿದ ಎಣ್ಣೆಯಂತೆ, ಸುಟ್ಟು ಕರಕಲಾಗುತ್ತದೆ. ಇಂಥ ಕರಿಯ ಗಟ್ಟಿ ಪದರ ದಿನದಿನವೂ ಕೂತರೆ ಟರ್ಬೊಗೆ ಎಣ್ಣೆ ತರುವ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಆಮೇಲೆ ದಂಡಕ್ಕೆ ಎಣ್ಣೆ ಸಿಗದು. ಹಳೆಯ ಲಾರಿ ಚಾಲಕರು ಘಾಟಿ ಹತ್ತಿದ ಮೇಲೆ ಗಾಡಿಯನ್ನು ನಿಂತಲ್ಲೇ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡುತ್ತಿದ್ದುದು ಇದೇ ಕಾರಣಕ್ಕೆ. ಈಗಿನ ಬಹಳಷ್ಟು ಟರ್ಬೊಗಳ ಬೇರಿಂಗಿನ ಸುತ್ತ ನೀರೂ ಹರಿಯುತ್ತದೆ, ಕೆಲವುಗಳಲ್ಲಿ ಎಂಜಿನ್ ನಿಂತ ಮೇಲೂ ವಿದ್ಯುತ್ ಪಂಪು ನೀರನ್ನು ಹರಿಸುತ್ತದೆ, ಸಿಂಥೆಟಿಕ್ ಎಣ್ಣೆಯೂ ಶಾಖವನ್ನು ಹೆಚ್ಚು ತಡೆಯುತ್ತದೆ. ಊರೊಳಗೆ ನಿಧಾನವಾಗಿ ಬಂದು ಮನೆ ಮುಂದೆ ನಿಲ್ಲಿಸುವವರು ಕಾಯಬೇಕಾಗಿಲ್ಲ. ಆದರೆ ಘಾಟಿಯ ನಂತರ, ಹೆದ್ದಾರಿಯ ಓಟದ ನಂತರ ಒಂದು ನಿಮಿಷ ತಾಳಿದರೆ ಕಾಫಿ ಏನೂ ತಣ್ಣಗಾಗುವುದಿಲ್ಲ.

ಹಾಗಾದರೆ ಟರ್ಬೊ ಇರುವ ಎಂಜಿನ್ನಿಗೂ ಇಲ್ಲದ ಎಂಜಿನ್ನಿಗೂ ಎಣ್ಣೆಯ ಆಯುಸ್ಸಿನಲ್ಲಿ ಎಷ್ಟು ಅಂತರ? ಟೊಯೋಟಾ ಕಂಪನಿ ಜಪಾನಿನ ತನ್ನ ಗಿರಾಕಿಗಳಿಗೆ ಕೊಟ್ಟಿರುವ ಸಾಮಾನ್ಯ ಮಾರ್ಗದರ್ಶನ ಕಣ್ಣು ತೆರೆಸುವಂತಿದೆ. ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ 15,000 ಕಿಲೋಮೀಟರು ಅಥವಾ 1 ವರ್ಷ. ಟರ್ಬೊ ಇದ್ದರೆ 5,000 ಕಿಲೋಮೀಟರು ಅಥವಾ 6 ತಿಂಗಳು. ಬಳಕೆ ಕಠಿಣವಾಗಿದ್ದರೆ ಇವೂ ಅರ್ಧಕ್ಕಿಳಿಯುತ್ತವೆ. ಮಾದರಿಯಿಂದ ಮಾದರಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ನಮ್ಮ ದೇಶದ ಕಾರಿಗೆ ಇದೇ ಅಂಕಿ ಎಂದು ನಾನು ಹೇಳುತ್ತಿಲ್ಲ. ಯೂರೋಪಿನಲ್ಲಿ ಕೆಲವು ಟರ್ಬೊ ಕಾರುಗಳಿಗೆ ವಿಶೇಷ ಎಣ್ಣೆ ಹಾಕಿ 30,000 ಕಿಲೋಮೀಟರು ಅಥವಾ 2 ವರ್ಷದವರೆಗೆ ಓಡಿಸಲು ಕಂಪನಿಗಳೇ ಅನುಮತಿ ಕೊಟ್ಟಿವೆ. ಅಲ್ಲಿಯ ಉದ್ದುದ್ದ ಹೆದ್ದಾರಿಯ ಓಡಾಟಕ್ಕೆ ಅದು ಹೊಂದೀತು. ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿಗೆ ಹೋಗುವವರು ಅದನ್ನು ನಕಲು ಮಾಡಬಾರದು.

ಏಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿಲೋಮೀಟರಿನಂತೆ ಓಡಿದ ಕಾರು 10,000 ಕಿಲೋಮೀಟರು ಮುಗಿಸಲು ಸುಮಾರು 167 ಗಂಟೆ ಬೇಕು. ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲಿ ಗಂಟೆಗೆ 15 ಕಿಲೋಮೀಟರಿನಂತೆ ತೆವಳುವ ಕಾರಿಗೆ ಅದೇ ದೂರಕ್ಕೆ 667 ಗಂಟೆ. ಕಾರಿನ ಮೀಟರು ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಎಣ್ಣೆ ಮಾತ್ರ ಎರಡನೆಯ ಕಾರಿನಲ್ಲಿ ನಾಲ್ಕು ಪಟ್ಟು ಹೊತ್ತು ದುಡಿದಿರುತ್ತದೆ.

ದಟ್ಟಣೆಗಿಂತಲೂ ಮೋಸದ್ದು ತೀರ ಚಿಕ್ಕ ಓಡಾಟ. ಮಗುವನ್ನು ಶಾಲೆಗೆ ಬಿಟ್ಟು ಬರಲು 2 ಕಿಲೋಮೀಟರು, ಸಂಜೆ ತರಕಾರಿಗೆ 1 ಕಿಲೋಮೀಟರು. ಇದು ಕಾರಿಗೆ ಬಹಳ ಸುಖದ ಬದುಕು ಎಂದು ನಾವು ತಿಳಿಯುತ್ತೇವೆ. ನಿಜ ಬೇರೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಹೊರಗೆ ಹೋಗುತ್ತದೆ, ಸ್ವಲ್ಪ ಪಿಸ್ಟನ್ನಿನ ಸಂದಿಯಿಂದ ಕೆಳಗೆ ಜಾರಿ ಎಣ್ಣೆಗೆ ಸೇರುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಉರಿಯದೆ ಉಳಿದ ಪೆಟ್ರೋಲೂ ಹೀಗೆಯೇ ಇಳಿಯುತ್ತದೆ. ಎಂಜಿನ್ ಅರ್ಧ ಗಂಟೆ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೋಗುತ್ತವೆ. ಕಾಯುವ ಮುನ್ನವೇ ನಿಲ್ಲಿಸಿದರೆ ಅಲ್ಲೇ ಉಳಿಯುತ್ತವೆ. ಪೆಟ್ರೋಲು ಬೆರೆತ ಎಣ್ಣೆ ತೆಳ್ಳಗಾಗುತ್ತದೆ. ಆ ತೆಳ್ಳನೆಯ ಎಣ್ಣೆಯ ಮೇಲೇ ನಮ್ಮ ದಂಡ ತೇಲಬೇಕು. 2018ರಲ್ಲಿ ಚೀನದ ಚಳಿಯ ಪ್ರದೇಶಗಳಲ್ಲಿ ಹೋಂಡಾ ಸಿಆರ್-ವಿ ಕಾರಿನ 1.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಇದು ದೊಡ್ಡ ಸುದ್ದಿಯಾಗಿ, ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಅಳತೆಯ ಕಡ್ಡಿಯ ಮೇಲೆ ಮಟ್ಟ ಏರುತ್ತಿತ್ತು! ಸೇರುತ್ತಿದ್ದುದು ಪೆಟ್ರೋಲು.

ಡೀಸೆಲ್ಲಿನವರೂ ನಿಶ್ಚಿಂತರಾಗುವಂತಿಲ್ಲ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ನಮ್ಮ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇದೆ. ಅದು ತುಂಬಿದಾಗ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಮಸಿಯನ್ನು ಸುಡುವ ವ್ಯವಸ್ಥೆ ಅನೇಕ ಕಾರುಗಳಲ್ಲಿದೆ. ಈ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತಿದ್ದರೆ ಆ ಡೀಸೆಲ್ಲಿನ ಪಾಲೂ ಎಣ್ಣೆಗೆ ಬರುತ್ತದೆ. ಆದ್ದರಿಂದ ಕಡ್ಡಿಯನ್ನು ಎಳೆದು ನೋಡುವಾಗ ಮಟ್ಟ ಇಳಿದಿದೆಯೇ ಎಂದಷ್ಟೇ ಅಲ್ಲ, ಏರಿದೆಯೇ ಎಂದೂ ನೋಡಿ.

ನನ್ನ ಮುಂದೆ ಮೇಜಿನ ಮೇಲೆ ಎರಡು ಸೀಸೆಗಳಿವೆ. ಒಂದರಲ್ಲಿ ಜೇನಿನ ಬಣ್ಣದ ಎಣ್ಣೆ, ಇನ್ನೊಂದರಲ್ಲಿ ಕಾಡಿಗೆಯಂತೆ ಕಪ್ಪು. ಯಾವುದು ಕೆಟ್ಟದ್ದು? ಕಪ್ಪನೆಯದು ಡೀಸೆಲ್ ಕಾರಿನಿಂದ ತೆಗೆದದ್ದು, ಕೆಲವೇ ನೂರು ಕಿಲೋಮೀಟರು ಓಡಿದೆ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಜೇನಿನ ಬಣ್ಣದ್ದರಲ್ಲಿ ಪೆಟ್ರೋಲು ಬೆರೆತಿದೆ. ಎರಡು ಬೆರಳಿನ ನಡುವೆ ಉಜ್ಜಿ, ಬಣ್ಣ ನೋಡಿ, "ಆಯಿಲ್ ಇನ್ನೂ ಚೆನ್ನಾಗಿದೆ" ಎಂದು ತೀರ್ಪು ಕೊಡುವವರನ್ನು ನಂಬಬೇಡಿ. ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ಇದು ತಿಳಿಯುತ್ತದೆ. ಬಸ್ಸು, ಗಣಿಯಂತ್ರಗಳ ದೊಡ್ಡ ಸಂಸ್ಥೆಗಳು ಅಂಥ ಪರೀಕ್ಷೆ ಮಾಡಿಸುತ್ತವೆ. ಒಂದು ಕಾರಿನವರಿಗೆ ಪರೀಕ್ಷೆಯ ತಾಪತ್ರಯಕ್ಕಿಂತ ಎಣ್ಣೆ ಬದಲಿಸುವುದೇ ಸುಲಭ.

ಇನ್ನು ನೇರವಾದ ಉತ್ತರ. ಕೈಪಿಡಿಯ ಅಂಕಿ ಮೇಲಿನ ಮಿತಿ. ಅದನ್ನು ಎಂದಿಗೂ ದಾಟಬಾರದು, ದಾಟಿದರೆ ವಾರಂಟಿಗೂ ತೊಂದರೆ. ಮೊದಲೇ ಬದಲಿಸಿದರೆ ಯಾರೂ ಕೇಳುವುದಿಲ್ಲ. ಅದೇ ಕೈಪಿಡಿಯಲ್ಲಿ ಕಠಿಣ ಬಳಕೆ ಎಂಬ ಇನ್ನೊಂದು ಭಾಗ, ಅನೇಕ ವೇಳೆ ಸಣ್ಣ ಅಕ್ಷರದಲ್ಲಿ, ಇರುತ್ತದೆ. ಚಿಕ್ಕ ಓಡಾಟ, ಧೂಳು, ಬೆಟ್ಟದ ದಾರಿ, ದಟ್ಟಣೆಯಲ್ಲಿ ನಿಂತು ಓಡುವುದು ಇವೆಲ್ಲ ಅದರಡಿ ಬರುತ್ತವೆ. ಕಠಿಣ ಬಳಕೆ ಎಂದರೆ ಮರುಭೂಮಿಯ ಓಟದ ಸ್ಪರ್ಧೆ ಎಂದುಕೊಂಡು ನಾವು ಪುಟ ತಿರುವಿಬಿಡುತ್ತೇವೆ! ಊರೊಳಗೇ ಓಡುವ ಟರ್ಬೊ ಪೆಟ್ರೋಲ್ ಕಾರಿಗೆ 5,000ದಿಂದ 7,500 ಕಿಲೋಮೀಟರು ಅಥವಾ 6 ತಿಂಗಳು ಎಂಬುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆಯಾದರೂ ಹುಬ್ಬಳ್ಳಿಗೋ ಮೈಸೂರಿಗೋ ಹೋಗಿಬರುವ ಕಾರಾದರೆ ಕೈಪಿಡಿಯ 10,000ಕ್ಕೆ ನಿಶ್ಚಿಂತೆಯಿಂದ ಹೋಗಬಹುದು. ಮನೆಯಲ್ಲೇ ನಿಂತಿರುವ ಕಾರಿಗೂ ವರ್ಷಕ್ಕೊಮ್ಮೆ ಬೇಕು. ಎಣ್ಣೆಯ ಜೊತೆ ಫಿಲ್ಟರೂ ಬದಲಾಗಲಿ. ಒಂದು ಸಲದ ಎಣ್ಣೆಗೆ ಕೆಲವು ಸಾವಿರ ರೂಪಾಯಿ, ಟರ್ಬೊ ಹೋದರೆ ಹತ್ತಾರು ಸಾವಿರ.

ಯಾವ ಎಣ್ಣೆ ಎಂಬುದೂ ಮುಖ್ಯ. ಡಬ್ಬಿಯ ಮೇಲಿನ 5 ಡಬ್ಲ್ಯು-30 ಎಂಬಂಥ ಅಂಕಿ ಎಣ್ಣೆಯ ಸ್ನಿಗ್ಧತೆಯನ್ನು ಸೂಚಿಸುತ್ತದೆ, ಅಷ್ಟೇ ಸಾಲದು. ಈಗಿನ ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ, ಕಡಿಮೆ ವೇಗದಲ್ಲಿ ಜೋರಾಗಿ ಎಳೆಯುವಾಗ, ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನು ಒಡೆಯುವ ಒಂದು ಕಾಯಿಲೆ ಕಂಡುಬಂತು. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಲವಣಗಳಿಗೂ ಅದಕ್ಕೂ ನಂಟಿದೆ ಎಂದು ತಿಳಿದ ಮೇಲೆ, 2020ರಲ್ಲಿ ಬಂದ ಎಪಿಐ ಎಸ್‌ಪಿ ಎಂಬ ದರ್ಜೆಯಲ್ಲಿ ಇದಕ್ಕೆ ಪರೀಕ್ಷೆ ಸೇರಿದೆ. ಕೈಪಿಡಿ ಯಾವ ದರ್ಜೆ ಹೇಳಿದೆಯೋ ಅದೇ ಇರಲಿ.

ಹೆದರಿಕೊಂಡು 2,000 ಕಿಲೋಮೀಟರಿಗೊಮ್ಮೆ ಬದಲಿಸುವವರೂ ಇದ್ದಾರೆ. ಅವರ ಮುಂದೆ ಇನ್ನೊಂದು ಪ್ರಶ್ನೆ: ಇಳಿಸಿದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಸಣ್ಣ ಟರ್ಬೊ ಎಂಜಿನ್ನಿಗೂ ಸುಮಾರು ಮೂರೂವರೆ, ನಾಲ್ಕು ಲೀಟರ್ ಎಣ್ಣೆ ಬೇಕು. ಬಳಸಿದ ಎಣ್ಣೆಯಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಇರುತ್ತವೆ. 2016ರ ಕೇಂದ್ರ ನಿಯಮಗಳಡಿ ಅದು ಅಪಾಯಕಾರಿ ತ್ಯಾಜ್ಯ. ನಮ್ಮಲ್ಲಿ ಅದನ್ನು ಸೆಂಟ್ರಿಂಗ್ ಹಲಗೆಗೆ, ಗೆದ್ದಲು ಹಿಡಿಯುವ ಕಂಬಕ್ಕೆ ಬಳಿಯುವುದುಂಟು, ಚರಂಡಿಗೆ ಸುರಿಯುವುದೂ ಉಂಟು. ಮನೆಯಲ್ಲೇ ಎಣ್ಣೆ ಬದಲಿಸುವ ಉತ್ಸಾಹ ನಿಮಗಿದ್ದರೆ ಇಳಿಸಿದ ಎಣ್ಣೆಯನ್ನು ಅದೇ ಡಬ್ಬಿಗೆ ತುಂಬಿ, ಪರವಾನಗಿ ಇರುವ ಶುದ್ಧೀಕರಣ ಘಟಕಕ್ಕೆ ಕಳುಹಿಸುವ ಗ್ಯಾರೇಜಿನ ಪೀಪಾಯಿಗೆ ಸುರಿದು ಬನ್ನಿ. ಅಲ್ಲಿ ಅದನ್ನು ಸೋಸಿ, ಕಾಯಿಸಿ, ಮತ್ತೆ ಎಣ್ಣೆಯನ್ನಾಗಿ ಮಾಡುತ್ತಾರೆ.