ಬೇಡವೆನ್ನುವ ಅಧಿಕಾರ: ಸಾಬ್ ಕಾರು, ಅದರ ಒಡೆಯರು, ಅದರ ಗುರುತು



ಯಾರ ನೆನಪಿಗಾಗಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಆ ಗುರುಗಳು ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಒಂದು ಶಿಸ್ತು ಕಲಿಸಿದರು: ಯಂತ್ರವನ್ನು ಹೊಗಳುವುದಿರಲಿ, ತೆಗಳುವುದಿರಲಿ, ಮೊದಲು ಬಿಚ್ಚಿ ನೋಡಬೇಕು. ಇವತ್ತು ನಾನು ಬಿಚ್ಚಿ ನೋಡಬೇಕೆಂದಿರುವುದು ಸ್ವೀಡನ್ನಿನ ಸಾಬ್ ಕಾರನ್ನು. ಒಡೆತನ ಕೈ ಬದಲಾಯಿಸಿದಾಗ ವಿಶಿಷ್ಟವಾದೊಂದು ಕಾರಿನ ಗುರುತು ಎಲ್ಲಿ ಮುರಿಯುತ್ತದೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ನನಗೆ ಮತ್ತೊಂದು ಕಂಡಿಲ್ಲ.

ಚರಿತ್ರೆಯ ಮುಖ್ಯ ಘಟ್ಟಗಳು ಪುಸ್ತಕಗಳಲ್ಲಿ ಸಿಗುತ್ತವೆ, ಬೇಗ ದಾಟುತ್ತೇನೆ. 1937ರಲ್ಲಿ ವಿಮಾನ ಕಟ್ಟಲೆಂದು ಹುಟ್ಟಿದ ಕಂಪನಿ ಮಹಾಯುದ್ಧದ ನಂತರ ಕಾರಿಗೆ ಕೈಹಾಕಿತು. ಎಂಜಿನಿಯರ್ ಗುನ್ನಾರ್ ಲ್ಯುಂಗ್‌ಸ್ಟ್ರೋಮ್ ಮತ್ತು ವಿನ್ಯಾಸಕಾರ ಸಿಕ್ಸ್‌ಟೆನ್ ಸಾಸನ್ ರೂಪಿಸಿದ ಸಾಬ್ 92ರ ತಯಾರಿಕೆ 1949ರ ಕೊನೆಗೆ ಸ್ವೀಡನ್ನಿನ ಟ್ರೋಲ್‌ಹೆಟ್ಟಾನ್ ಊರಿನಲ್ಲಿ ಆರಂಭವಾಯಿತು. 1962 ಮತ್ತು 1963ರಲ್ಲಿ ಎರಿಕ್ ಕಾರ್ಲ್‌ಸನ್ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಸಾಬ್‌ನಲ್ಲೇ ಗೆದ್ದರು. 1969ರಲ್ಲಿ ಕಂಪನಿ ಸ್ಕಾನಿಯಾ ಜೊತೆ ವಿಲೀನವಾಯಿತು. 1989ರ ಕೊನೆಗೆ ಅಮೆರಿಕದ ಜನರಲ್ ಮೋಟಾರ್ಸ್ 60 ಕೋಟಿ ಡಾಲರ್ ಕೊಟ್ಟು ಕಾರು ವಿಭಾಗದ ಅರ್ಧ ಪಾಲು ಹಿಡಿಯಿತು. ಉಳಿದರ್ಧ 2000ದಲ್ಲಿ 12.5 ಕೋಟಿ ಡಾಲರಿಗೆ ಅದರ ಕೈಸೇರಿತು. ಹತ್ತು ವರ್ಷದಲ್ಲಿ ಅರ್ಧ ಪಾಲಿನ ಬೆಲೆ ಸುಮಾರು ಐದರಲ್ಲಿ ಒಂದು ಭಾಗಕ್ಕೆ ಇಳಿದಿತ್ತು. 2010ರಲ್ಲಿ ಸಾಬ್ ನೆದರ್ಲೆಂಡ್ಸಿನ ಸ್ಪೈಕರ್ ಪಾಲಾಯಿತು. 2011ರ ಡಿಸೆಂಬರ್ 19ರಂದು ದಿವಾಳಿಗೆ ಅರ್ಜಿ ಹಾಕಿತು.

ಇಷ್ಟರ ಬಗ್ಗೆ ತಕರಾರಿಲ್ಲ. ಸಾಬ್ ಸತ್ತದ್ದು ಯಾಕೆ ಎಂಬಲ್ಲಿಂದ ಜಗಳ ಶುರುವಾಗುತ್ತದೆ. ಅದಕ್ಕೆ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಮೂರನ್ನೂ ನಾನು ಒಪ್ಪುವುದಿಲ್ಲ.

ಎರವಲು ತಪ್ಪಲ್ಲ

ಅಭಿಮಾನಿಗಳ ಮಾತು ಮೊದಲನೆಯದು: ಬೇರೆಯವರ ಪ್ಲಾಟ್‌ಫಾರ್ಮ್ (ಕಾರಿನ ತಳಕಟ್ಟು), ಬೇರೆಯವರ ಎಂಜಿನ್ ಬಂದದ್ದೇ ಸಾಬ್‌ನ ಜಾತಿ ಕೆಟ್ಟಿತು ಎನ್ನುತ್ತಾರೆ. ಅವರ ಪ್ರೀತಿ ದೊಡ್ಡದು, ಆದರೆ ವಾದ ನಿಲ್ಲುವುದಿಲ್ಲ. ಸಾಬ್ ಹುಟ್ಟಿನಿಂದಲೂ ಎರವಲಿನ ಮೇಲೆ ಬೆಳೆದ ಕಂಪನಿ. ಮೊದಲ ಕಾರಿನ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನಿಗೆ ಜರ್ಮನಿಯ ಡಿಕೆಡಬ್ಲ್ಯೂ ಮಾದರಿ. ಮುಂದೆ ಸಾಬ್ 96 ಕಾರಿಗೆ ಕೂರಿಸಿದ ವಿ-4 ಎಂಜಿನ್ ಫೋರ್ಡ್ ಕಂಪನಿಯದು. 1967ರಲ್ಲಿ ತೋರಿಸಿದ ಸಾಬ್ 99ರ ಎಂಜಿನ್ ಬ್ರಿಟನ್ನಿನ ಟ್ರಯಂಫ್ ಮೂಲದ್ದು.

ಆ ಟ್ರಯಂಫ್ ಎಂಜಿನ್ ಏನಾಯಿತು ನೋಡಿ. ತಂದದ್ದನ್ನು ತಂದಂತೆಯೇ ಬಿಡದೆ, 1972ರ ಹೊತ್ತಿಗೆ ಸಾಬ್‌ನವರು ಅದನ್ನು ಬುಡದಿಂದ ತಿದ್ದಿ ತಮ್ಮದೇ ಎಂಜಿನ್ ಮಾಡಿಕೊಂಡರು. 1977ರಲ್ಲಿ ಅದೇ ವಂಶದ ಎಂಜಿನ್ನಿಗೆ ಟರ್ಬೊ ಜೋಡಿಸಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ತಂದರು. ಸಾಬ್ ಎಂದರೆ ಟರ್ಬೊ ಎಂದು ಜಗತ್ತು ಹೇಳತೊಡಗಿದ್ದು ಹೀಗೆ ಎರವಲು ತಂದ ಎಂಜಿನ್ನಿನಿಂದ.

ಇನ್ನೊಂದು ಸಾಕ್ಷಿ 1984ರ ಸಾಬ್ 9000. ಫಿಯೆಟ್ ಕ್ರೋಮಾ, ಲಾನ್ಸಿಯಾ ಥೀಮಾ, ಆಲ್ಫಾ 164 ಜೊತೆ ಅದು ಪ್ಲಾಟ್‌ಫಾರ್ಮ್ ಹಂಚಿಕೊಂಡಿತ್ತು. ಕ್ರೋಮಾದ ಬಾಗಿಲೂ ಇದರ ಬಾಗಿಲೂ ನೋಡಲು ಒಂದೇ ತೆರ. ಆದರೆ ಪಕ್ಕದಿಂದ ಬೀಳುವ ಪೆಟ್ಟು ತಡೆಯಲು ಸಾಬ್‌ನವರು ತಮ್ಮ ಬಾಗಿಲನ್ನು ಒಳಗಿನಿಂದ ಬಲಪಡಿಸಿದರು. ಇದು ಸಾಧ್ಯವಾದದ್ದು ಹೇಗೆ? ಒಪ್ಪಂದ ಆದದ್ದು 1978ರಲ್ಲಿ. ತಗಡು ಕತ್ತರಿಸುವುದಕ್ಕೆ ಮೊದಲೇ ಸಾಬ್‌ನವರು ಮೇಜಿನ ಸುತ್ತ ಕೂತಿದ್ದರು. ಬೇಕಾದದ್ದನ್ನು ಕೇಳಿದರು, ಬೇಡವಾದದ್ದನ್ನು ಬೇಡವೆಂದರು. ನನ್ನ ವಾದದ ತಿರುಳು ಇದೇ. ಬ್ರ್ಯಾಂಡಿನ ಗುರುತು ಬಿಡಿಭಾಗಗಳಲ್ಲಿ ಇಲ್ಲ, ಬೇಡವೆನ್ನುವ ಅಧಿಕಾರ ಯಾರಲ್ಲಿದೆ ಎಂಬುದರಲ್ಲಿದೆ.

ಒಂದು ಕೀಲಿಕೈ

ಇದಕ್ಕೆ ಸಾಬ್‌ನ ಕೀಲಿಕೈಯನ್ನೇ ಹತ್ತಿರದಿಂದ ನೋಡೋಣ. ಸಾಬ್ 99ರಿಂದ ಆಚೆಗೆ ಬಹುತೇಕ ಮಾದರಿಗಳಲ್ಲಿ ಕೀಲಿ ಹಾಕುವ ಜಾಗ ಸ್ಟೀರಿಂಗ್ ಬಳಿ ಇರಲಿಲ್ಲ, ಮುಂದಿನ ಎರಡು ಸೀಟುಗಳ ನಡುವೆ ಇತ್ತು. ಅಪಘಾತದಲ್ಲಿ ಚಾಲಕನ ಮಂಡಿ ಕೀಲಿಗೆ ಬಡಿಯಬಾರದು. ಕೀಲಿ ತೆಗೆದಾಗ ಗೇರ್ ರಿವರ್ಸ್‌ನಲ್ಲಿ ಬಿಗಿದುಕೊಂಡು ಕಳ್ಳನ ಕೈ ಕಟ್ಟಬೇಕು. ವಿಚಿತ್ರವಾಗಿ ಕಂಡ ಜಾಗದ ಹಿಂದೆ ಎಂಜಿನಿಯರನ ಕಾರಣಗಳಿದ್ದವು. 1978ರ ಸಾಬ್ 900 ಕೂಡ ಹೀಗೆಯೇ: ಎಂಜಿನ್ ಹಿಂದುಮುಂದಾಗಿ ಕೂತು ಕ್ಲಚ್ ಮುಂದಕ್ಕೆ ಬಂದಿತ್ತು. ಎಂಜಿನ್ ಇಳಿಸದೆಯೇ ಮೆಕ್ಯಾನಿಕ್ ಕ್ಲಚ್ ಬದಲಿಸಬಹುದಿತ್ತು.

2005ರ ಮಾದರಿಯಾಗಿ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ಸಾಬ್ 9-7ಎಕ್ಸ್ ಮಾರಾಟಕ್ಕೆ ಇಟ್ಟಿತು. ಓಹಾಯೊದಲ್ಲಿ ತಯಾರಾದ ಈ ವಾಹನ ಮೂಲತಃ ಷೆವ್ರೊಲೆ ಟ್ರೇಲ್‌ಬ್ಲೇಜರ್. ಅದನ್ನು ಸಾಬ್ ಅನ್ನಿಸಲು ಮಾಡಿದ ಕೆಲಸಗಳಲ್ಲಿ ಒಂದು, ಕೀಲಿಯನ್ನು ಸೀಟುಗಳ ನಡುವಿನ ಕನ್ಸೋಲ್‌ಗೆ ಸರಿಸಿದ್ದು. ಕೀಲಿ ಹಳೆಯ ಜಾಗಕ್ಕೆ ಬಂತು, ಆದರೆ ಈ ಸಲ ಕಾರಣ ಹುಟ್ಟಿದ್ದು ಮಾರಾಟ ವಿಭಾಗದಲ್ಲಿ. ಅದರ ಹಿಂದಿನ ವರ್ಷ ಬಂದ 9-2ಎಕ್ಸ್ ಜಪಾನಿನ ಸುಬಾರು ಇಂಪ್ರೆಜಾ. ಸಾಬ್‌ನ ಲಾಂಛನ ಹೊತ್ತ ಈ ಎರಡು ವಾಹನಗಳ ಹುಟ್ಟು ಟ್ರೋಲ್‌ಹೆಟ್ಟಾನ್‌ನ ಎಂಜಿನಿಯರುಗಳ ಕೈಯಲ್ಲಿ ಆದದ್ದಲ್ಲ.

ಜನರಲ್ ಮೋಟಾರ್ಸ್ ಕಾಲದಲ್ಲೂ ಅಧಿಕಾರ ಟ್ರೋಲ್‌ಹೆಟ್ಟಾನ್‌ನಲ್ಲಿ ಉಳಿದ ಕಡೆ ಸಾಬ್‌ತನ ಉಳಿಯಿತು ಎಂಬುದನ್ನೂ ಹೇಳಬೇಕು. 1993ರ ಹೊಸ 900 ಓಪೆಲ್ ವೆಕ್ಟ್ರಾ ಪ್ಲಾಟ್‌ಫಾರ್ಮಿನದು, ಆದರೆ ಟರ್ಬೊ ಎಂಜಿನ್ನನ್ನು ನಿಯಂತ್ರಿಸುವ ಟ್ರಯೋನಿಕ್ ವ್ಯವಸ್ಥೆ ಸಾಬ್‌ನವರದೇ. ಹಿಂದಿನಿಂದ ಡಿಕ್ಕಿಯಾದಾಗ ಮುಂದೆ ಬಂದು ಕತ್ತು ಕಾಯುವ ತಲೆಯಾನಿಕೆ 1997ರ 9-5ರಲ್ಲಿ ಬಂತು. ಒಡೆತನದಲ್ಲಿ ಎರಡೂ ಸಲ ಜನರಲ್ ಮೋಟಾರ್ಸ್ ಇತ್ತು, ಫಲ ಎರಡು ಬಗೆ. ಹಾಗಾಗಿ ಒಡೆತನವೊಂದನ್ನೇ ಕಾರಣವೆನ್ನುವಂತಿಲ್ಲ.

ಗಾತ್ರದ ವಾದ, ಹಟದ ವಾದ

ಲೆಕ್ಕಪತ್ರದವರ ಉತ್ತರ ಎರಡನೆಯದು: ಸಾಬ್ ತೀರ ಚಿಕ್ಕದು, ಯಾರ ಕೈಯಲ್ಲಿದ್ದರೂ ಸಾಯುತ್ತಿತ್ತು. ಚಿಕ್ಕದು ಹೌದು. ಒಳ್ಳೆಯ ವರ್ಷಗಳಲ್ಲೂ ಮಾರಾಟ 1.3 ಲಕ್ಷ ಕಾರುಗಳ ಆಸುಪಾಸು. ಆದರೆ ಗಾತ್ರವೇ ತೀರ್ಪಾದರೆ ಪೋರ್ಷೆ ಉಳಿಯಬಾರದಿತ್ತು. 1990ರ ದಶಕದ ಆರಂಭದಲ್ಲಿ ಅದರ ಮಾರಾಟ ವರ್ಷಕ್ಕೆ 15,000 ಕಾರಿನ ಹತ್ತಿರಕ್ಕೆ ಕುಸಿದಿತ್ತು. ಅದು ಬಾಕ್ಸ್‌ಟರ್ ಮತ್ತು ಹೊಸ 911ರ ನಡುವೆ ಭಾಗಗಳನ್ನು ಹಂಚಿ ಖರ್ಚು ಇಳಿಸಿತು. ಏನನ್ನು ಹಂಚಬೇಕೆಂದು ತೀರ್ಮಾನಿಸಿದವರು ಮಾತ್ರ ಅದರದೇ ಎಂಜಿನಿಯರುಗಳು. ಪೋರ್ಷೆ ದುಬಾರಿ ಸ್ಪೋರ್ಟ್ಸ್ ಕಾರು, ಸಾಬ್ ಸಂಸಾರದ ಕಾರು ಎನ್ನುವವರಿದ್ದಾರೆ. ನಿಜ. ಹಾಗಾಗಿಯೇ ಸಾಬ್‌ಗೆ ದೊಡ್ಡವರ ಆಸರೆ ಬೇಕಿತ್ತು. ಆಸರೆಯ ಷರತ್ತುಗಳೇನು ಎಂಬುದೇ ನನ್ನ ಪ್ರಶ್ನೆ.

ಮೂರನೆಯ ಉತ್ತರ ಹೆಚ್ಚು ಗಟ್ಟಿ: ಸಾಬ್ ಎಂಜಿನಿಯರುಗಳದು ಹಟ. ಕೊಟ್ಟ ಪ್ಲಾಟ್‌ಫಾರ್ಮನ್ನು ಇದ್ದಂತೆ ಬಳಸದೆ 2002ರ 9-3ರಲ್ಲಿ ಎಲ್ಲವನ್ನೂ ತಿದ್ದಲು ಹೋಗಿ ಉಳಿತಾಯವನ್ನು ನುಂಗಿದರು. ತಿದ್ದಿದ್ದು ಸತ್ಯ, ಖರ್ಚಾದದ್ದೂ ಸತ್ಯ. ಆದರೆ ಪಾಯ ಹಾಕಿ ಗೋಡೆ ಎಬ್ಬಿಸಿದ ಮೇಲೆ ಮನೆಯವರನ್ನು ಕರೆದು ಬಾಗಿಲು ಎಲ್ಲಿ ಬೇಕೆಂದು ಕೇಳಿದರೆ, ಒಡೆಯುವ ಖರ್ಚು ಯಾರ ತಪ್ಪು? ಮೊದಲೇ ಕೂರಿಸಿಕೊಂಡ 9000ದಲ್ಲಿ ಹಂಚಿಕೆ ಕೈಗೂಡಿತ್ತು. 9-3ರಲ್ಲಿ ಅದು ದುಬಾರಿಯಾಯಿತು. ಇದನ್ನು ಹಟವೆಂದು ಕರೆಯುವವರು ಪರಿಣಾಮವನ್ನೇ ಕಾರಣ ಮಾಡುತ್ತಿದ್ದಾರೆ.

ಕೊನೆಯ ಸಾಕ್ಷಿಯನ್ನು ಸಾಬ್‌ನ ಸಾವೇ ಒದಗಿಸಿತು. 2011ರಲ್ಲಿ ಚೀನಾದ ಕಂಪನಿಗಳು ಹಣ ಹಾಕಲು ಸಿದ್ಧವಿದ್ದವು. ಆದರೆ ಕಾರಿನೊಳಗಿನ ತಂತ್ರಜ್ಞಾನ ಜನರಲ್ ಮೋಟಾರ್ಸ್‌ನದು. ಒಡೆತನ ಚೀನಾಕ್ಕೆ ಹೋದರೆ ಪರವಾನಗಿ ಮುಂದುವರಿಸುವುದಿಲ್ಲ ಎಂದು ಅದು ಹೇಳಿತು. ಮುಂದೆ ಕಾರ್ಖಾನೆ ಕೊಂಡ ನೆವ್ಸ್ ಕಂಪನಿ 2014ರಲ್ಲಿ ಸಾಬ್ ಎಂಬ ಹೆಸರು ಬಳಸುವ ಹಕ್ಕನ್ನೂ ಕಳೆದುಕೊಂಡಿತು. ಕಾರ್ಖಾನೆ ಒಬ್ಬರದು, ತಂತ್ರಜ್ಞಾನ ಇನ್ನೊಬ್ಬರದು, ಹೆಸರು ಮತ್ತೊಬ್ಬರದು. ಬೇಡವೆನ್ನುವ ಅಧಿಕಾರ ಟ್ರೋಲ್‌ಹೆಟ್ಟಾನ್‌ನಲ್ಲಿ ಮಾತ್ರ ಇರಲಿಲ್ಲ.

ನಮಗೇನು?

ಅದೇ ಸ್ವೀಡನ್ನಿನ ವೋಲ್ವೊ ಕಾರು 1999ರಲ್ಲಿ ಫೋರ್ಡ್ ಪಾಲಾಗಿ, 2010ರಲ್ಲಿ ಚೀನಾದ ಗೀಲಿಯ ಕೈಸೇರಿತು. ಗೀಲಿ ಹಣ ಕೊಟ್ಟಿತು, ಎಂಜಿನಿಯರಿಂಗ್ ಕೇಂದ್ರವನ್ನು ಗೋಥೆನ್‌ಬರ್ಗ್‌ನಲ್ಲೇ ಬಿಟ್ಟಿತು. 2014ರ ಎಕ್ಸ್‌ಸಿ90ರ ಪ್ಲಾಟ್‌ಫಾರ್ಮ್ ಅಲ್ಲಿಯದು, ನಾಲ್ಕು ಸಿಲಿಂಡರಿನ ಎಂಜಿನ್ ಅಲ್ಲಿಯದು. 2017ರಿಂದ ನಮ್ಮ ಹೊಸಕೋಟೆಯಲ್ಲಿ ಜೋಡಣೆಯಾಗತೊಡಗಿದ ವೋಲ್ವೊ ಕಾರು ಆ ತೀರ್ಮಾನದ ಫಲ.

ಇದು ದೂರದೂರಿನ ಕಥೆಯೂ ಅಲ್ಲ. 2008ರಲ್ಲಿ 230 ಕೋಟಿ ಡಾಲರಿಗೆ ಜಾಗ್ವಾರ್ ಮತ್ತು ಲ್ಯಾಂಡ್ ರೋವರನ್ನು ಟಾಟಾ ಕೊಂಡ ದಿನದಿಂದ ಭಾರತ ಒಡೆಯರ ಸಾಲಿನಲ್ಲಿ ಕೂತಿದೆ. 2014ರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಅವುಗಳದೇ ಎಂಜಿನ್ ಕಾರ್ಖಾನೆ ತೆರೆದದ್ದನ್ನು ನಾನು ಸರಿಯಾದ ಹೆಜ್ಜೆ ಎನ್ನುತ್ತೇನೆ. ಬಿಚ್ಚಿ ನೋಡು ಎಂದ ಗುರುಗಳ ಶಿಷ್ಯರಲ್ಲಿ ಹಲವರು ಇಂದು ಬೆಂಗಳೂರು, ಪುಣೆಗಳಲ್ಲಿ ಇಂಥ ತೀರ್ಮಾನ ತೆಗೆದುಕೊಳ್ಳುವ ಕುರ್ಚಿಯಲ್ಲಿ ಇರಬಹುದು. ಅವರಲ್ಲಿ ನನ್ನ ಕೋರಿಕೆ: ಒಂದು ಬ್ರ್ಯಾಂಡ್ ಕೊಳ್ಳುವಾಗ ಕಾರ್ಖಾನೆಯ ಬೆಲೆ, ಹೆಸರಿನ ಬೆಲೆ ಲೆಕ್ಕ ಹಾಕಿ. ಅದರ ಜೊತೆಗೆ, ಅಲ್ಲಿನ ಎಂಜಿನಿಯರ್ ಯಾವ ಹಂತದವರೆಗೆ ನಿಮಗೆ ಬೇಡವೆನ್ನಬಹುದು ಎಂಬುದನ್ನು ಒಪ್ಪಂದದಲ್ಲೇ ಬರೆಯಿರಿ. ಆ ಸಾಲನ್ನು ಬಿಟ್ಟರೆ, ನೀವು ದುಡ್ಡು ಕೊಟ್ಟು ಕೊಂಡ ಗುರುತು ನಿಮ್ಮ ಕೈಯಿಂದಲೇ ಕರಗುತ್ತದೆ.