ಮಣ್ಣು ತಿಂದ ಮಗು

(ಗೂಡಲೂರು ಕಡೆಯ ತೋಟವೊಂದರಲ್ಲಿ ಭಾನುವಾರ ಆರಾಧನೆಯ ನಂತರ ಸೇರಿದ ಕುಟುಂಬ ಕೂಟದಲ್ಲಿ, ಕ್ರೆಷ್ ಆಯಾ ಆಗಿ ಬಹುಕಾಲ ದುಡಿದು ನಿವೃತ್ತರಾದ ಸಹೋದರಿಯೊಬ್ಬರು ಆಡಿದ ಮಾತುಗಳು)

ಗಂಡಸರು ದಯಮಾಡಿ ಒಳಗೆ ಬಂದು ಕುಳಿತುಕೊಳ್ಳಿ. ಇದು ಹೆಂಗಸರ ವಿಷಯ ಎಂದು ಆಚೆಗೆ ಹೋಗಬೇಡಿ. ನಾನು ಹೇಳುವುದರಲ್ಲಿ ಅರ್ಧ ನಿಮಗೇ ಸೇರಿದ್ದು.

ನಾನು ಓದಿದವಳಲ್ಲ. ಆದರೆ ತೋಟದ ಕ್ರೆಷ್‌ನಲ್ಲಿ ನೂರಾರು ಮಕ್ಕಳನ್ನು ತೊಟ್ಟಿಲಲ್ಲಿ ತೂಗಿದ್ದೇನೆ. ಅದಕ್ಕೂ ಮೊದಲು ನಾನೂ ನಿಮ್ಮ ಹಾಗೆ ಬೆನ್ನಿಗೆ ಬುಟ್ಟಿ ಕಟ್ಟಿ ಸೊಪ್ಪು ಕಿತ್ತವಳು. ಆ ಕಾಲದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳಬೇಕು.

ನನ್ನ ಎರಡನೆಯ ಮಗನಿಗೆ ಆಗ ಒಂದೂವರೆ ವರ್ಷ. ಈಗ ಸುಮಾರು ಮೂವತ್ತೈದು ವರ್ಷದ ಹಿಂದಿನ ಮಾತು. ಲೈನ್ ಮನೆಯ ಹಿಂದಿನ ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದ. ಒಲೆಯ ಮಣ್ಣು ತಿನ್ನುತ್ತಿದ್ದ. ಮಳೆ ಬಿದ್ದು ಮಣ್ಣಿನ ವಾಸನೆ ಬಂದರೆ ಸಾಕು, ಅಂಬೆಗಾಲಿಟ್ಟು ಓಡುತ್ತಿದ್ದ. ನಾನು ಹೊಡೆದೆ. ಕೈಬೆರಳಿಗೆ ಮೆಣಸಿನಪುಡಿ ಹಚ್ಚಿದೆ. ನಮ್ಮ ಅತ್ತೆ ಗುಂಡ್ಲುಪೇಟೆ ಕಡೆಯವರು, ದೃಷ್ಟಿಯಾಗಿದೆ ಎಂದು ನೀವಾಳಿಸಿದರು. ಮಗು ಬಿಳಿಚಿಕೊಂಡಿತ್ತು, ಆದರೆ ನಾನು ‘ನನ್ನ ಮಗ ಬೆಳ್ಳಗಿದ್ದಾನೆ’ ಎಂದು ಸಂತೋಷಪಟ್ಟಿದ್ದೆ. ಸದಾ ಮಲಗಿರುತ್ತಿತ್ತು, ‘ತೊಂದರೆ ಕೊಡದ ಮಗು’ ಎಂದು ಹೇಳಿಕೊಳ್ಳುತ್ತಿದ್ದೆ. ಇನ್ನೂ ನಡೆಯುತ್ತಿರಲಿಲ್ಲ.

ಒಂದು ದಿನ ಜ್ವರಕ್ಕೆ ಔಷಧಿ ತರಲು ಡಿಸ್ಪೆನ್ಸರಿಗೆ ಹೋದಾಗ ಕಾಂಪೌಂಡರ್ ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಏನೂ ಮಾತಾಡದೆ ನನ್ನ ರೆಪ್ಪೆಯನ್ನೂ ಎಳೆದು ನೋಡಿದರು. ಇಬ್ಬರನ್ನೂ ಆಸ್ಪತ್ರೆಗೆ ಕಳುಹಿಸಿದರು. ಮಗನ ರಕ್ತದಲ್ಲಿ ಹಿಮೋಗ್ಲೋಬಿನ್ 6 ಗ್ರಾಂ ಇತ್ತು. ನನ್ನದು 8. ಹೆಂಗಸರಿಗೆ 12 ಇರಬೇಕು, ಬಸುರಿಯರಿಗೆ 11ಕ್ಕಿಂತ ಇಳಿಯಬಾರದು. ಆ ವಯಸ್ಸಿನ ಮಕ್ಕಳಿಗೂ ಸುಮಾರು 11 ಬೇಕು.

ಡಾಕ್ಟರಮ್ಮ ಕೇಳಿದರು: “ಮಗು ಏನು ತಿನ್ನುತ್ತದೆ?” ನಾನು ಹೆಮ್ಮೆಯಿಂದ ಹೇಳಿದೆ: “ದೊಡ್ಡವರ ಹಾಗೇ ಟೀ ಕುಡಿಯುತ್ತಾನೆ ಅಮ್ಮಾ. ಬೆಳಿಗ್ಗೆ ಟೀಯಲ್ಲಿ ವರ್ಕಿ ನೆನೆಸಿ ಕೊಡುತ್ತೇನೆ. ಮಧ್ಯಾಹ್ನ ಅನ್ನ, ರಸ. ಸಂಜೆ ಮತ್ತೆ ಟೀ, ಬಿಸ್ಕತ್ತು.” ಅವರು ಬೈಯಲಿಲ್ಲ. “ಮಗು ಮಣ್ಣು ತಿನ್ನುವುದು ಹಟದಿಂದ ಅಲ್ಲಮ್ಮ. ರಕ್ತದಲ್ಲಿ ಕಬ್ಬಿಣದ ಅಂಶ ಇಲ್ಲದಾಗ ಹೀಗೆ ಮಣ್ಣು, ಸುಣ್ಣ, ಬೂದಿಯ ಮೇಲೆ ಆಸೆ ಹುಟ್ಟುತ್ತದೆ” ಎಂದರು. ಆಗ ನನಗೆ ನೆನಪಾಯಿತು, ಅವನು ಹೊಟ್ಟೆಯಲ್ಲಿದ್ದಾಗ ನಾನೂ ಕದ್ದು ಕದ್ದು ಹಸಿ ಅಕ್ಕಿ ತಿನ್ನುತ್ತಿದ್ದೆ. ಕಾಯಿಲೆಯಾದ ಮಗುವಿಗೆ ನಾನು ಹೊಡೆದಿದ್ದೆ.

ಪ್ರಿಯರೇ, ಇದು ನನ್ನೊಬ್ಬಳ ಮನೆಯ ಕಥೆಯಲ್ಲ. 2019–21ರಲ್ಲಿ ಸರ್ಕಾರ ನಡೆಸಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ನೂರಕ್ಕೆ 57. ಇಡೀ ದೇಶದ ಲೆಕ್ಕ ಇದು.

ರಕ್ತದ ಕೆಲಸವೇನು? ನಾವು ಎಳೆದುಕೊಂಡ ಉಸಿರನ್ನು ಮೈಯ ಮೂಲೆ ಮೂಲೆಗೆ ಹೊತ್ತುಕೊಂಡು ಹೋಗುವುದು. ಆ ಹೊರೆ ಹೊರುವುದಕ್ಕೆ ಕಬ್ಬಿಣದ ಅಂಶ ಬೇಕು. ಅದು ಸಾಲದಿದ್ದರೆ ದೊಡ್ಡವರಿಗೆ ಏರು ಹತ್ತಿದರೆ ಏದುಸಿರು, ತಲೆಸುತ್ತು, ಕೈಕಾಲು ಸೋಲು. ಎಲೆ ಕೀಳುವ ಕೈ ನಿಧಾನವಾದರೆ ಸಂಜೆ ತೂಕ ಕಡಿಮೆ, ಕೂಲಿಯೂ ಕಡಿಮೆ. ಮಕ್ಕಳಿಗೆ ಇನ್ನೂ ದೊಡ್ಡ ನಷ್ಟ. ಮೊದಲ ಎರಡು ವರ್ಷದಲ್ಲಿ ಮಗುವಿನ ಮಿದುಳು ಬಹು ಬೇಗ ಬೆಳೆಯುತ್ತದೆ, ಅದಕ್ಕೂ ಕಬ್ಬಿಣ ಬೇಕು. ಹುಟ್ಟುವಾಗ ತಾಯಿಯಿಂದ ತಂದ ಗಂಟು ಸುಮಾರು ಆರು ತಿಂಗಳಿಗೆ ಖರ್ಚಾಗುತ್ತದೆ. ಅಲ್ಲಿಂದ ಮುಂದೆ ಊಟದಿಂದಲೇ ಬರಬೇಕು. ನಾವೋ, ಸರಿಯಾಗಿ ಆಗಲೇ ಟೀ ಶುರುಮಾಡುತ್ತೇವೆ.

ಟೀ ವಿಷಯ ಹೇಳಿದರೆ ನಗುತ್ತೀರಿ. ಟೀ ಬೆಳೆಯುವವರೇ ಟೀ ಬಿಡಬೇಕೇ? ಬಿಡಬೇಡಿ. ಅದು ನಮಗೆ ಅನ್ನ ಕೊಟ್ಟಿದೆ. ಆದರೆ ಅದರ ಹೊತ್ತನ್ನು ಬದಲಾಯಿಸಿ. ಟೀಯ ಒಗರು ಇದೆಯಲ್ಲ, ಅದು ಊಟದಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು, ಮೈಗೆ ಸೇರದಂತೆ ಮಾಡುತ್ತದೆ. ಊಟದ ಜೊತೆಗೆ ಅಥವಾ ಊಟ ಮುಗಿದ ಕೂಡಲೇ ಕುಡಿದರೆ ನೀವು ತಿಂದ ಸೊಪ್ಪು, ಕಾಳಿನ ಫಲ ಬಹಳಷ್ಟು ಹಾಳಾಗುತ್ತದೆ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಇರಲಿ. ಕಾಫಿಗೂ ಇದೇ ಮಾತು. ಚಿಕ್ಕ ಮಕ್ಕಳಿಗೆ ಮಾತ್ರ ಟೀ ಬೇಡವೇ ಬೇಡ. ಟೀ ಕುಡಿದ ಮಗುವಿನ ಸಣ್ಣ ಹೊಟ್ಟೆ ತುಂಬಿಬಿಡುತ್ತದೆ, ಅನ್ನಕ್ಕೆ ಜಾಗವಿರುವುದಿಲ್ಲ. ವರ್ಕಿಯನ್ನು ನಾನೂ ಇಷ್ಟಪಟ್ಟು ತಿನ್ನುತ್ತೇನೆ, ಆದರೆ ಅದು ಮೈದಾ ಮತ್ತು ಎಣ್ಣೆ. ಮಗುವಿಗೆ ಅದು ಊಟವಲ್ಲ.

ಹಾಗಾದರೆ ಏನು ಕೊಡಬೇಕು? ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ನೀರೂ ಬೇಡ. ಅನಂತರ ಎದೆಹಾಲಿನ ಜೊತೆಗೆ ಊಟ. ಹಾಲನ್ನು ಎರಡು ವರ್ಷದವರೆಗೂ ಬಿಡಿಸಬೇಡಿ. ಜೇನುತುಪ್ಪವನ್ನು ಒಂದು ವರ್ಷ ತುಂಬುವ ತನಕ ನೆಕ್ಕಿಸಬೇಡಿ, ಅದು ಅಪಾಯ.

ನಮ್ಮ ಹಿರಿಯರು ಬಯಲುಸೀಮೆಯಿಂದ ಗಂಟಿನಲ್ಲಿ ರಾಗಿ ಕಟ್ಟಿಕೊಂಡು ಈ ಬೆಟ್ಟ ಹತ್ತಿದವರು. ನಾವು ಅದನ್ನು ಬಡವರ ಕಾಳು ಎಂದು ಬಿಟ್ಟೆವು. 2023ರಲ್ಲಿ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ ಅಕ್ಕಿಯ ಬದಲು 2 ಕಿಲೋ ರಾಗಿ ಕೊಡುವ ಏರ್ಪಾಡನ್ನು ಆರಂಭಿಸಿದರು. ನಿಮ್ಮ ಅಂಗಡಿಯಲ್ಲಿ ಕೇಳಿ ನೋಡಿ, ಸಿಕ್ಕರೆ ಬಿಡಬೇಡಿ. ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು. ಕಬ್ಬಿಣವೂ ಇದೆ, ಆದರೆ ಅದು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಮೊಳಕೆ ಕಟ್ಟಿದರೆ ಆ ಕಟ್ಟು ಸಡಿಲವಾಗುತ್ತದೆ.

ಮೊಳಕೆ ಹಿಟ್ಟು ಮಾಡುವುದು ಸುಲಭ. ಒಂದು ಕಿಲೋ ರಾಗಿಯನ್ನು ಕಲ್ಲು ಆರಿಸಿ, ಮೂರು ನಾಲ್ಕು ಸಲ ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಹತ್ತಿರದ ಗೂಟಕ್ಕೆ ನೇತುಹಾಕಿ. ಕೆಳಗಿನ ಊರಿನಲ್ಲಿ ಒಂದು ದಿನಕ್ಕೇ ಮೊಳಕೆ ಬರುತ್ತದೆ, ನಮ್ಮ ಚಳಿಗೆ ಎರಡು ಮೂರು ದಿನ ಬೇಕು. ಬಟ್ಟೆ ಒಣಗದಂತೆ ನೀರು ಚಿಮುಕಿಸಿ. ಹುಳಿ ವಾಸನೆ ಬಂದರೆ, ಬೂಷ್ಟು ಹಿಡಿದರೆ ಚೆಲ್ಲಿಬಿಡಿ. ಸಣ್ಣ ಬಿಳಿ ಮೊಳಕೆ ಕಂಡ ಮೇಲೆ ಚೆನ್ನಾಗಿ ಒಣಗಿಸಿ, ಹದವಾಗಿ ಹುರಿದು, ಕಾಲು ಪಾಲು ಹುರಿದ ಹೆಸರುಬೇಳೆ ಸೇರಿಸಿ ಮಿಲ್ಲಿಗೆ ಕೊಡಿ. ಎಳೆ ಮಗುವಿಗೆ ಬಟ್ಟೆಯಲ್ಲಿ ಜರಡಿ ಹಿಡಿಯಿರಿ.

ಗಂಜಿ ಚಮಚದಿಂದ ನೀರಿನ ಹಾಗೆ ಸುರಿಯಬಾರದು, ನಿಲ್ಲುವಷ್ಟು ಗಟ್ಟಿ ಇರಲಿ. ಇಳಿಸುವಾಗ ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ. ಆರು ತಿಂಗಳಲ್ಲಿ ಎರಡು ಮೂರು ಚಮಚದಿಂದ ಆರಂಭಿಸಿ, ದಿನಕ್ಕೆ ಎರಡು ಮೂರು ಸಲ ಕೊಡಿ. ಒಂಬತ್ತು ತಿಂಗಳಿಗೆ ಅರ್ಧ ಬಟ್ಟಲಿನಂತೆ ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ನಡುವೆ ಬಾಳೆಹಣ್ಣೋ ಮತ್ತೊಂದೋ.

ರಾಗಿ ಒಂದರಿಂದಲೇ ರಕ್ತ ತುಂಬುವುದಿಲ್ಲ. ಹುರುಳಿ, ಅಲಸಂದೆ, ಹೆಸರುಕಾಳು, ಸೊಪ್ಪು ಬೇಕು. ಸೊಪ್ಪು, ಕಾಳು ತಿಂದಾಗ ಜೊತೆಗೆ ಹುಳಿಹಣ್ಣು ಇರಲಿ: ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು. ಇವು ಕಬ್ಬಿಣವನ್ನು ಮೈಗೆ ಎಳೆದುಕೊಡುತ್ತವೆ. ಟೀ ಮಾಡುವುದಕ್ಕೆ ಸರಿಯಾಗಿ ತಿರುಗುಮುರುಗು ಕೆಲಸ. ಸಂಬಳದ ದಿನ ಕೋಳಿ ತಂದರೆ ಲಿವರನ್ನು ಮಕ್ಕಳಿಗೂ ತಾಯಿಗೂ ಬೇಯಿಸಿ ಕೊಡಿ. ಮತ್ತಿ ಮೀನು ಅಗ್ಗವಾಗಿ ಬಂದ ದಿನ ತನ್ನಿ. ಸಾರು ಕುದಿಸಲು ಹಳೆಯ ಕಬ್ಬಿಣದ ಬಾಣಲೆಯನ್ನು ಮತ್ತೆ ಅಟ್ಟದಿಂದ ಇಳಿಸಿ. ಹುಳಿ ಹಾಕಿ ಬೇಯಿಸಿದರೆ ಸ್ವಲ್ಪ ಕಬ್ಬಿಣ ಸಾರಿಗೂ ಇಳಿಯುತ್ತದೆ. ಬೀಟ್‌ರೂಟ್ ಕೆಂಪಾಗಿದೆ, ಅದೇ ರಕ್ತ ಎಂದು ನಂಬಬೇಡಿ. ಅದು ಬರಿಯ ಬಣ್ಣ. ನೀವು ಕತ್ತರಿಸಿ ಎಸೆಯುವ ಅದರ ಸೊಪ್ಪಿನಲ್ಲೇ ಕಬ್ಬಿಣ ಹೆಚ್ಚು.

ಈಗ ಗಂಡಸರ ಪಾಲಿನ ಕೆಲಸ. ಲೈನ್ ಹಿಂದೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ ಸಾಕು. ತೋಟದ ಆಫೀಸಿನಲ್ಲಿ ಒಂದು ಮಾತು ಕೇಳಿಕೊಂಡು ಅಗೆಯಿರಿ. ಜಾಗವಿಲ್ಲದಿದ್ದರೆ ಹಳೆಯ ಅಕ್ಕಿ ಚೀಲದಲ್ಲಿ ಮಣ್ಣು, ಸಗಣಿ ಗೊಬ್ಬರ ತುಂಬಿ ಇಡಿ. ದಂಟು, ಮೆಂತ್ಯ, ಬಸಳೆ ಹಾಕಿ. ಮೆಂತ್ಯ ಮೂರು ನಾಲ್ಕು ವಾರಕ್ಕೆ ಕೈಗೆ ಬರುತ್ತದೆ. ಗೂಡಲೂರು, ಪಂದಲೂರು, ವಯನಾಡಿನ ಕಡೆ ಒಂದು ನುಗ್ಗೆಕೊಂಬೆ ನೆಡಿ, ಕಾಯಿ ಬಿಡದಿದ್ದರೂ ಸೊಪ್ಪು ಸಿಗುತ್ತದೆ. ಮೇಲೆ ಕೂನೂರು, ಕೋತಗಿರಿಯ ಚಳಿಗೆ ನುಗ್ಗೆ ಸರಿಯಾಗಿ ಬಾರದು, ಅಲ್ಲಿ ಮೂಲಂಗಿ, ಬೀನ್ಸ್, ಅವರೆ ಹಾಕಿ. ಪಾತ್ರೆ ತೊಳೆದ ನೀರು ಹಿತ್ತಲಲ್ಲಿ ನಿಂತು ಸೊಳ್ಳೆ ಸಾಕುವ ಬದಲು ಪಾತಿಗೆ ಹರಿಯಲಿ. ಕೋಳಿ ಕೆದಕದಂತೆ ಬೇಲಿ ಕಟ್ಟಿ. ಒಂದು ಎಚ್ಚರಿಕೆ: ಆನೆ ಓಡಾಡುವ ಕಡೆ ಲೈನ್ ಹತ್ತಿರ ಬಾಳೆ, ಹಲಸು ಬೇಡ. ಸೊಪ್ಪು ಸಾಕು, ಪ್ರಾಣ ಮುಖ್ಯ.

ಇನ್ನೊಂದು ಎಚ್ಚರಿಕೆ. ಟೀ ಗಿಡದ ಸಾಲಿನ ನಡುವೆ ಹುಟ್ಟುವ ಸೊಪ್ಪನ್ನು ನಾವು ಸೆರಗಿಗೆ ಕಿತ್ತುಕೊಂಡು ಬರುತ್ತೇವೆ. ಔಷಧಿ ಹೊಡೆಯುವ ಫೀಲ್ಡಿನಿಂದ ತರಬೇಡಿ. ಔಷಧಿ ಬಂದ ಡಬ್ಬವನ್ನು ಎಷ್ಟು ತೊಳೆದರೂ ನೀರಿಗೆ, ಎಣ್ಣೆಗೆ ಇಡಬೇಡಿ.

ರಕ್ತ ಕುಡಿಯುವ ಕಳ್ಳನೊಬ್ಬ ನೆಲದಲ್ಲೂ ಇದ್ದಾನೆ. ಕೊಕ್ಕೆಹುಳು ಬರಿಗಾಲಿನ ಚರ್ಮದಿಂದ ಒಳಗೆ ಹೋಗಿ ಕರುಳಿನಲ್ಲಿ ಕಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಚಪ್ಪಲಿ ಕೊಡಿಸಿ, ಕಕ್ಕಸನ್ನು ಉಪಯೋಗಿಸಿ. ಫೆಬ್ರವರಿ, ಆಗಸ್ಟ್ ತಿಂಗಳ 10ನೇ ತಾರೀಖು ಹುಳದ ಮಾತ್ರೆ ಕೊಡುವ ದಿನ ಎಂದು ಇಟ್ಟಿದ್ದಾರೆ. ನಿಮ್ಮ ಊರಲ್ಲಿ ಯಾವ ದಿನ ಎಂದು ಅಂಗನವಾಡಿಯಲ್ಲಿ ವಿಚಾರಿಸಿ, ಅಂದು ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ.

ರಕ್ತ ಬಹಳ ಇಳಿದಿದ್ದರೆ ಊಟ ಮಾತ್ರ ಸಾಲದು, ಔಷಧಿ ಬೇಕು. ಕಬ್ಬಿಣದ ಮಾತ್ರೆಯನ್ನು ಎಷ್ಟೋ ಬಸುರಿಯರು ತಂದು ಡಬ್ಬದಲ್ಲಿಡುತ್ತಾರೆ. ಮಲ ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ ಎಂದು ಬಿಡುತ್ತಾರೆ. ಕಪ್ಪಾಗುವುದಕ್ಕೆ ಹೆದರಬೇಡಿ. ವಾಕರಿಕೆಯಾದರೆ ರಾತ್ರಿ ಊಟದ ಮೇಲೆ ನುಂಗಿ, ಟೀಯ ಜೊತೆ ಮಾತ್ರ ಬೇಡ. ಮಾತ್ರೆ ಮಕ್ಕಳ ಕೈಗೆ ಎಟುಕಬಾರದು. ಮಿಠಾಯಿ ಎಂದು ಹಲವನ್ನು ನುಂಗಿದರೆ ಪ್ರಾಣಕ್ಕೇ ಅಪಾಯ.

ಆದರೆ ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯಲ್ಲ. ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರೋಗವನ್ನು ಇದೇ ನೀಲಗಿರಿಯ ಆದಿವಾಸಿಗಳಲ್ಲಿ 1952ರಲ್ಲೇ ಗುರುತಿಸಿದ್ದರು. ವಯನಾಡಿನಲ್ಲೂ ಇದೆ. ಮಗುವಿಗೆ ಕೈಕಾಲು ಬಾತು ಪದೇ ಪದೇ ನೋವು, ಕಣ್ಣು ಹಳದಿ ಕಂಡರೆ ನೀವೇ ಟಾನಿಕ್ ಕೊಳ್ಳದೆ ರಕ್ತಪರೀಕ್ಷೆ ಮಾಡಿಸಿ.

ಕೊನೆಗೆ ಗಂಡಸರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಪಾತ್ರೆಯ ತಳದಲ್ಲಿ ಉಳಿದದ್ದು ತಾಯಿಗೆ. ಮೀನಿನ ಸಾರಿದ್ದ ದಿನ ಎಷ್ಟೋ ಸಲ ನನಗೆ ಸಿಕ್ಕಿದ್ದು ಸಾರು ಮಾತ್ರ. ಎಲ್ಲರೂ ಒಟ್ಟಿಗೆ ಕುಳಿತು, ಒಂದೇ ಸಲ ಬಡಿಸಿಕೊಳ್ಳಿ. ಆಕೆಯ ತಟ್ಟೆಗೆ ಏನು ಬಿತ್ತು ಎಂದು ಒಂದು ಸಲ ನೋಡಿ. ನೋಡಿದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ನನ್ನ ಮಗ ಬದುಕಿದ. ಕೆಲವೇ ವಾರಗಳ ಔಷಧಿಯಲ್ಲಿ ಮಣ್ಣು ತಿನ್ನುವುದನ್ನು ಬಿಟ್ಟ, ಮೂರನೇ ತಿಂಗಳಿಗೆ ಗೋಡೆ ಹಿಡಿದು ನಡೆದ. ಆದರೆ ಶಾಲೆಯಲ್ಲಿ ಅಕ್ಷರ ಹತ್ತುವುದಕ್ಕೆ ಬಹಳ ಕಷ್ಟಪಟ್ಟ, ಎಂಟನೆಯ ಕ್ಲಾಸಿಗೆ ನಿಲ್ಲಿಸಿದ. ಅದು ಆ ಕಾಯಿಲೆಯಿಂದಲೋ ಅಲ್ಲವೋ ಯಾರೂ ಹೇಳಲಾರರು. ನನಗೆ ಮಾತ್ರ ಆ ಪ್ರಶ್ನೆ ಹೋಗಿಲ್ಲ.

ಈಗ ಅವನು ಜೀಪು ಓಡಿಸುತ್ತಾನೆ. ಅವನಿಗೂ ಒಂದು ಹೆಣ್ಣುಮಗು. ಹೋದ ತಿಂಗಳು ಅವರ ಮನೆಗೆ ಹೋದಾಗ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನ ಲೋಟದ ಟೀಯಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದ. ಬೇಡ ಎಂದೆ. “ನನಗೂ ಹೀಗೇ ಕೊಟ್ಟೆಯಲ್ಲವ್ವಾ” ಎಂದು ನಕ್ಕ. “ಹೌದು ಮಗಾ, ಕೊಟ್ಟೆ. ಅದಕ್ಕೇ ಬೇಡ ಅನ್ನುತ್ತಿದ್ದೇನೆ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಲೋಟವನ್ನು ದೂರ ಸರಿಸಿದ.

ಇಂದು ಮನೆಗೆ ಹೋದ ಕೂಡಲೇ ನಿಮ್ಮ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಬೆಳಕಿನಲ್ಲಿ ಮೆಲ್ಲಗೆ ಎಳೆದು ನೋಡಿ. ಕೆಂಪಗಿದ್ದರೆ ದೇವರಿಗೆ ಸ್ತೋತ್ರ. ಬಿಳಿಚಿಕೊಂಡಿದ್ದರೆ ನಾಳೆಯೇ, ಒಂದು ದಿನದ ಕೂಲಿ ಹೋದರೂ ಸರಿ, ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿ. ಕೆಂಪಗೆ ಕಂಡರೂ ಮಗು ಮಂಕಾಗಿದ್ದರೆ, ಮಣ್ಣು ತಿನ್ನುತ್ತಿದ್ದರೆ ಪರೀಕ್ಷೆ ಮಾಡಿಸಿ. ಹೊಡೆಯಬೇಡಿ.