ಡ್ರೋನಿನ ಒಳಗನ್ನು ಓದೋಣ



ಡ್ರೋನನ್ನು ನಡೆಸುವುದು ಅದರೊಳಗಿನ ಫರ್ಮ್‌ವೇರ್ ಎಂಬ ತಂತ್ರಾಂಶ. ಅನೇಕ ಕಂಪನಿಗಳು ಅದನ್ನು ಮುಚ್ಚಿಡುತ್ತವೆ. ‘ಡಿಜೆಐ ಫರ್ಮ್‌ವೇರ್ ಟೂಲ್ಸ್’ ಎಂಬ ಮುಕ್ತ ಸಾಧನ ಡಿಜೆಐ ಕಂಪನಿಯ ಇಂಥ ಕಡತಗಳನ್ನು ಬಿಡಿಸುತ್ತದೆ. 2019ರಲ್ಲಿ ಮುಕ್ತವಾದ ‘ಘಿಡ್ರಾ’ ಯಂತ್ರಭಾಷೆಯನ್ನು ನಾವು ಓದಬಲ್ಲ ರೂಪಕ್ಕೆ ತರುತ್ತದೆ. ಎರಡೂ ಉಚಿತ.

ಓದಿದರೆ ಲಾಭವೇನು? ಜರ್ಮನಿಯ ಸಂಶೋಧಕರು ಡಿಜೆಐ ಡ್ರೋನುಗಳನ್ನು ಪರೀಕ್ಷಿಸಿ 2023ರಲ್ಲಿ 16 ಭದ್ರತಾ ದೋಷಗಳನ್ನು ಪ್ರಕಟಿಸಿದರು. ಕೆಲವು ದೋಷಗಳಿಂದ ಹಾರುತ್ತಿರುವ ಡ್ರೋನನ್ನೇ ಕೆಡವಬಹುದಿತ್ತು. ಅವರು ಮೊದಲು ಕಂಪನಿಗೆ ತಿಳಿಸಿದರು; ದೋಷಗಳು ಸರಿಯಾದ ಬಳಿಕವೇ ಲೋಕಕ್ಕೆ ಹೇಳಿದರು. ಈ ಕ್ರಮವೇ ನಮಗೆ ಪಾಠ.

ಬದಲಾಯಿಸಿ ಕಲಿಯುವ ಆಸೆಯಿದ್ದವರಿಗೆ ‘ಆರ್ಡುಪೈಲಟ್’ ಇದೆ. ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಡ್ರೋನ್ ಕೊಳ್ಳದೆ, ಯಾರಿಗೂ ಅಪಾಯ ಮಾಡದೆ, ಕಂಪ್ಯೂಟರಿನಲ್ಲೇ ಹಾರಿಸಿ ಪರೀಕ್ಷಿಸಬಹುದು. ಬೀಗ ಬಿಚ್ಚುವ ವಿದ್ಯೆ ಕಲಿಯಿರಿ. ಮನೆ ಕಾಯಲು ಬಳಸಿರಿ.